ಅಜ್ಜನ ಬಾಲ್ಕನಿಯಲ್ಲಿ ಸುಕ್ಕಾ ಕಟ್ಟುವ ಕೆಲಸ

ಜೆರುಸಲೇಮಿನಲ್ಲಿ ವಯಸ್ಸಾದ ಒಬ್ಬ ಅಜ್ಜನನ್ನು ನೋಡಿಕೊಳ್ಳುವ ಕೆಲಸ ನನ್ನದು. ಮಂಗಳೂರು, ಉಡುಪಿ ಕಡೆಯಿಂದ ಈ ಕೆಲಸಕ್ಕೆ ಬಂದವರು ಇಲ್ಲಿ ತುಂಬಾ ಜನ ಇದ್ದಾರೆ. ಮಾತ್ರೆ, ಸ್ನಾನ, ಊಟದ ಜೊತೆಗೆ, ಯಹೂದಿಗಳ ಸುಕ್ಕೋತ್ ಹಬ್ಬ ಬಂದರೆ ಸುಕ್ಕಾ ಅನ್ನುವ ಚಪ್ಪರ ಕಟ್ಟುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ.

ಯೋಮ್ ಕಿಪ್ಪುರ್, ಅಂದರೆ ಪ್ರಾಯಶ್ಚಿತ್ತದ ದಿನದ ಉಪವಾಸ ಮುಗಿದ ರಾತ್ರಿಯೇ ಬೀದಿಯಲ್ಲಿ ಸುತ್ತಿಗೆ ಸದ್ದು ಶುರು. ಕಟ್ಟಲು ಸಿಗುವುದು ನಾಲ್ಕೇ ದಿನ. ಯಹೂದಿ ಪಂಚಾಂಗದ ತಿಶ್ರೇ ತಿಂಗಳ ಹುಣ್ಣಿಮೆಗೆ ಹಬ್ಬ ಶುರುವಾಗಿ ಏಳು ದಿನ ನಡೆಯುತ್ತದೆ. 2025ರಲ್ಲಿ ಅದು ಅಕ್ಟೋಬರ್ 6ರ ಸಂಜೆ ಬಂತು. ಮೂಲದಲ್ಲಿ ಇದು ಸುಗ್ಗಿ, ಹೊಲ ತೋಟದ ಫಸಲು ಒಳಗೆ ಬಂದ ಮೇಲಿನ ಸಂಭ್ರಮ. ಈಜಿಪ್ಟಿನಿಂದ ಹೊರಟ ಯಹೂದಿಗಳ ಹಿರಿಯರು ಮರುಭೂಮಿಯಲ್ಲಿ ಗುಡಿಸಲು ಹಾಕಿಕೊಂಡು ಇದ್ದ ನೆನಪೂ ಇದರಲ್ಲಿ ಸೇರಿದೆ. ಕಣಜ ತುಂಬಿದ ಹೊತ್ತಿನಲ್ಲೇ ಗಟ್ಟಿ ಮನೆ ಬಿಟ್ಟು ಹೊರಗೆ ಕೂತು ಊಟ ಮಾಡಬೇಕು. ನನಗೆ ಇಷ್ಟವಾಗುವುದು ಇದೇ.

ನಮ್ಮದು ಬಾಲ್ಕನಿ. ಮೇಲೆ ಇನ್ನೊಬ್ಬರ ಬಾಲ್ಕನಿ ಇದ್ದರೆ ಸುಕ್ಕಾ ಸಲ್ಲುವುದಿಲ್ಲ, ಆಕಾಶ ನೇರ ಕಾಣಬೇಕು. ಅದಕ್ಕೇ ಇಲ್ಲಿ ಎಷ್ಟೋ ಕಟ್ಟಡಗಳ ಬಾಲ್ಕನಿಗಳು ಒಂದರ ಮೇಲೊಂದು ಬರದ ಹಾಗೆ ಓರೆಯಾಗಿ ಚಾಚಿಕೊಂಡಿವೆ. ಮೊದಲು ಕಬ್ಬಿಣದ ಪೈಪು ಜೋಡಿಸುತ್ತೇನೆ, ಸುತ್ತ ಬಟ್ಟೆಯ ಗೋಡೆ. ಬಟ್ಟೆ ಗಾಳಿಗೆ ಹಾರಾಡುತ್ತದೆ ಅಲ್ವಾ, ಗೋಡೆ ಹಾಗೆ ಆಡಬಾರದು ಅನ್ನುವುದು ಈ ಮನೆಯವರ ಕಟ್ಟುನಿಟ್ಟು. ಹಾಗಾಗಿ ಅಡ್ಡಡ್ಡ ಹಗ್ಗ ಬಿಗಿಯುತ್ತೇನೆ. ಒಂದು ಹಗ್ಗಕ್ಕೂ ಇನ್ನೊಂದಕ್ಕೂ ನಡುವೆ ಮೂರು ಹಿಡಿಗಿಂತ, ಅಂದರೆ 24 ಸೆಂಟಿಮೀಟರಿಗಿಂತ ಕಡಿಮೆ ಜಾಗ.

ನಿಜವಾದ ಸೂಕ್ಷ್ಮ ಇರುವುದು ಮಾಡಿನಲ್ಲಿ. ಅದಕ್ಕೆ ಸ್ಖಾಖ್ ಅನ್ನುತ್ತಾರೆ. ನೆಲದಲ್ಲಿ ಬೆಳೆದದ್ದೇ ಆಗಬೇಕು, ಕಡಿದದ್ದೂ ಆಗಿರಬೇಕು. ಟಾರ್ಪಾಲು ಹೊದೆಸುವಂತಿಲ್ಲ, ಬೇರು ಬಿಟ್ಟಿರುವ ಬಳ್ಳಿ ಹಬ್ಬಿಸುವಂತಿಲ್ಲ. ಒಳಗೆ ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ರಾತ್ರಿ ನಕ್ಷತ್ರವೂ ಕಾಣಬೇಕು. ಕೆಲವರು ಖರ್ಜೂರದ ಗರಿ ಹೊದೆಸುತ್ತಾರೆ. ನಮ್ಮಲ್ಲಿ ಬಿದಿರಿನ ಚಾಪೆ. ಅದು ಕಬ್ಬಿಣಕ್ಕೆ ತಾಗದಂತೆ ಪೈಪಿನ ಮೇಲೆ ಮರದ ರೀಪು ಇಡುತ್ತೇನೆ. ಯಹೂದಿ ಅಲ್ಲದವರು ಕಟ್ಟಿದರೂ ಸಲ್ಲುತ್ತದೆ, ಆದರೆ ಚಾಪೆ ಮಾತ್ರ ಅಜ್ಜನ ಮಗ ಬಂದು ಹಾಸುತ್ತಾರೆ. ಅದು ಮನೆಯವರ ಕೈಯಲ್ಲೇ ಆಗಲಿ ಅಂತ.

ತಮಾಷೆ ಅಂದರೆ ಅಜ್ಜ ಸುಕ್ಕಾದಲ್ಲಿ ಕೂರಲೇಬೇಕು ಅಂತಿಲ್ಲ. ಕಾಯಿಲೆಯವರಿಗೂ ಅವರ ಆರೈಕೆ ಮಾಡುವವರಿಗೂ ಇದರಿಂದ ವಿನಾಯಿತಿ ಇದೆ. ಸುಮಾರು 1800 ವರ್ಷ ಹಿಂದಿನ ಮಿಶ್ನಾ ಅನ್ನುವ ಯಹೂದಿ ಧರ್ಮನಿಯಮಗಳ ಗ್ರಂಥದಲ್ಲೇ ಹಾಗೆ ಬರೆದಿದೆ. ಆರೈಕೆಯವರ ಕಷ್ಟ ಅಷ್ಟು ಹಿಂದೆಯೇ ಯಾರಿಗೋ ಹೊಳೆದಿತ್ತಲ್ಲ! ಅಜ್ಜ ಇದನ್ನು ನಗುತ್ತಲೇ ನನಗೆ ಹೇಳಿಕೊಟ್ಟರು. ಹೇಳಿ ಮುಗಿಸಿ, "ಸರಿ, ಕುರ್ಚಿ ತಳ್ಳು" ಅಂದರು. ಹಾಗಾಗಿ ಬಾಗಿಲ ಕಡೆ ಗಾಲಿಕುರ್ಚಿ ತಿರುಗುವಷ್ಟು ಜಾಗ ಬಿಟ್ಟು, ಹೊಸ್ತಿಲಿಗೆ ಹಲಗೆ ಇಟ್ಟು ಕಟ್ಟುತ್ತೇನೆ. ಸಂಜೆ ಚಳಿ ಬೀಳುತ್ತದೆ, ಕಂಬಳಿ ಬೇಕೇ ಬೇಕು. ಮಳೆ ಬಂದು ಊಟ ಕೆಡುವ ಹಾಗಾದರೆ ಒಳಗೆ ಹೋಗಬಹುದು.

ಇನ್ನು ಹಬ್ಬದಲ್ಲಿ ಕೈಯಲ್ಲಿ ಹಿಡಿಯುವ ನಾಲ್ಕು ಬೆಳೆಗಳು: ಲುಲಾವ್ ಅನ್ನುವ ಬಿಚ್ಚದ ಖರ್ಜೂರದ ಸುಳಿ, ಮೂರು ಹದಾಸ್ (ಮರ್ಟಲ್ ಗಿಡ) ಕಡ್ಡಿ, ಎರಡು ಅರಾವಾ (ವಿಲೋ ಮರ) ಕಡ್ಡಿ, ಒಂದು ಎತ್ರೋಗ್, ಅಂದರೆ ಮಾದಲ ಹಣ್ಣು. ಜನ ಭೂತಗನ್ನಡಿ ಹಿಡಿದು ಹಣ್ಣಿನಲ್ಲಿ ಕಲೆ ಹುಡುಕುವುದನ್ನು ನೋಡಬೇಕು! ಎತ್ರೋಗ್ ತುದಿಯ ಮೊಗ್ಗು ಮುರಿದರೆ ಹಬ್ಬದ ಮೊದಲ ದಿನಕ್ಕೆ ಆಗುವುದಿಲ್ಲ. ಅಜ್ಜನ ಕೈ ನಡುಗುತ್ತದೆ. ಆದ್ದರಿಂದ ಗಿಡದಲ್ಲಿರುವಾಗಲೇ ತಾನಾಗಿ ಮೊಗ್ಗು ಉದುರಿದ ಹಣ್ಣು ತರುತ್ತೇವೆ, ಅದು ನಡೆಯುತ್ತದೆ. ಬಲಗೈಯಲ್ಲಿ ಲುಲಾವ್, ಎಡಗೈಯಲ್ಲಿ ಎತ್ರೋಗ್ ಹಿಡಿದು ನಾಲ್ಕು ದಿಕ್ಕು, ಮೇಲೆ, ಕೆಳಗೆ ಆಡಿಸುತ್ತಾರೆ. ಶನಿವಾರ ಮಾತ್ರ ಇಲ್ಲ.

ಹಬ್ಬ ಮುಗಿದ ಮೇಲೆ ಚಾಪೆಯನ್ನು ಚೆನ್ನಾಗಿ ಒಣಗಿಸಿಯೇ ಸುತ್ತಬೇಕು, ಇಲ್ಲದಿದ್ದರೆ ಬೂಷ್ಟು. ಪೈಪುಗಳಿಗೆ ನಂಬರ್ ಬರೆದಿಟ್ಟಿದ್ದೇನೆ. ಎತ್ರೋಗ್‌ನಿಂದ ಇಲ್ಲಿ ಜಾಮ್ ಮಾಡುತ್ತಾರೆ. ನಾನು ಉಪ್ಪಿನಕಾಯಿ ಹಾಕಿದೆ. ರಸ ಕಮ್ಮಿ, ಬಿಳಿ ತಿರುಳೇ ಜಾಸ್ತಿ. ಆದರೂ ಸಾಸಿವೆ, ಮೆಣಸು ಹಿಡಿದ ಮೇಲೆ ರುಚಿಯಾಗಿತ್ತು. ಬಿ.ಪಿ. ಇರುವುದರಿಂದ ಅಜ್ಜನಿಗೆ ಕೊಡಲಿಲ್ಲ, ಮಗ ಡಬ್ಬಿ ತುಂಬಿಸಿಕೊಂಡು ಹೋದರು.