ಯೊಂಗ್‌ಕಾಂಗ್‌ನಲ್ಲಿ ಕೆಲಸಕ್ಕೆ ನಿಲ್ಲುವವರಿಗೆ: ಕಾಗದ, ಹೆಸರು, ಮನೆ, ಫ್ಲಾಸ್ಕ್ ಕಾರ್ಖಾನೆ

ಯೊಂಗ್‌ಕಾಂಗ್ ಚೀನಾದ ಜೆಜಿಯಾಂಗ್ ಪ್ರಾಂತ್ಯದಲ್ಲಿ, ಜಿನ್‌ಹುವಾ ಆಡಳಿತಕ್ಕೆ ಸೇರಿದ ಊರು. ಸೆಕ್ಯೂರಿಟಿ ಬಾಗಿಲು, ಪವರ್ ಟೂಲ್, ಸ್ಟೀಲ್ ಫ್ಲಾಸ್ಕ್ ಇಲ್ಲಿನ ಕಸುಬು. ನಮ್ಮ ದೇಶದ ವ್ಯಾಪಾರಿಗಳು ಹೆಚ್ಚಾಗಿ ಹತ್ತಿರದ ಸಗಟು ವ್ಯಾಪಾರದ ಊರಾದ ಯಿವೂನಲ್ಲಿ ಉಳಿದುಕೊಂಡು, ಇಲ್ಲಿಗೆ ಬಂದು ಫ್ಯಾಕ್ಟರಿ ನೋಡಿ ಸಂಜೆಗೆ ವಾಪಸಾಗುತ್ತಾರೆ. ನಿಂತು ಕೆಲಸ ಮಾಡುವ ವಿದೇಶಿಯರು ಕಡಿಮೆ. ಹಾಗಾಗಿ ಶಾಂಘೈಯಲ್ಲಿ ಚಿಟಿಕೆ ಹೊಡೆದಂತೆ ಆಗುವ ಕೆಲಸಕ್ಕೆ ಇಲ್ಲಿ ಅರ್ಧ ದಿನ ಬೇಕು. ಕೌಂಟರ್‌ನವರಿಗೆ ಮನಸ್ಸಿಲ್ಲ ಅಂತಲ್ಲ, ವಿದೇಶಿ ಪಾಸ್‌ಪೋರ್ಟ್ ಅವರ ಕೈಗೆ ಬರುವುದೇ ಅಪರೂಪ. ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಇಲ್ಲಿ ನಿಲ್ಲಲು ನಾನು ಅನುಸರಿಸಿದ ಕ್ರಮವನ್ನು ಬರೆಯುತ್ತಿದ್ದೇನೆ.

ಕಾಗದದ ಕೆಲಸ ಭಾರತದಲ್ಲೇ ಶುರುವಾಗುತ್ತದೆ. ಬಿ ವರ್ಗದ, ಅಂದರೆ ವೃತ್ತಿಪರರ, ವರ್ಕ್ ಪರ್ಮಿಟ್‌ಗೆ ಸಾಮಾನ್ಯವಾಗಿ ಪದವಿ, ಜೊತೆಗೆ ಅದೇ ಕ್ಷೇತ್ರದಲ್ಲಿ 2 ವರ್ಷದ ಅನುಭವ ಕೇಳುತ್ತಾರೆ. ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಸಹಿ ಹಾಕಿದವರ ಫೋನ್ ನಂಬರ್ ಇರಲಿ. ‘ಇವರ ನಡತೆ ಉತ್ತಮ’ ಎಂಬ ಸಾಲು ಯಾರಿಗೂ ಬೇಡ. 2023ರ ನವೆಂಬರ್‌ನಿಂದ ಚೀನಾದಲ್ಲಿ ಅಪೋಸ್ಟಿಲ್ (ರಾಯಭಾರ ಕಚೇರಿಗೆ ಹೋಗದೆ ಒಂದೇ ಮುದ್ರೆಯಲ್ಲಿ ಮುಗಿಯುವ ದೃಢೀಕರಣ) ನಡೆಯುತ್ತದೆ, ಆದರೆ ಭಾರತದ ಕಾಗದಗಳಿಗಲ್ಲ. ಪದವಿ ಪ್ರಮಾಣಪತ್ರಕ್ಕೂ ಪೊಲೀಸ್ ಕ್ಲಿಯರೆನ್ಸ್‌ಗೂ ವಿದೇಶಾಂಗ ಸಚಿವಾಲಯದ ಮುದ್ರೆಯ ಮೇಲೆ ಚೀನಾ ರಾಯಭಾರ ಕಚೇರಿಯ ದೃಢೀಕರಣವೂ ಆಗಬೇಕು. ಪೊಲೀಸ್ ಪತ್ರ 6 ತಿಂಗಳಿಗಿಂತ ಹಳೆಯದಾದರೆ ತಿರಸ್ಕರಿಸುತ್ತಾರೆ, ಆದ್ದರಿಂದ ಪದವಿಯದ್ದು ಮೊದಲು ಮುಗಿಸಿ, ಪೊಲೀಸ್ ಪತ್ರ ಕೊನೆಗೆ ಮಾಡಿಸುವುದು ಜಾಣತನ. ‘ಸದ್ಯಕ್ಕೆ ಎಂ ವೀಸಾದಲ್ಲಿ ಬಂದುಬಿಡಿ’ ಎನ್ನುವ ಕಂಪನಿ ಇದ್ದರೆ ಬೇಡ ಅನ್ನಿ. ಅದು ವ್ಯಾಪಾರಕ್ಕೆ ಬಂದು ಹೋಗುವವರ ವೀಸಾ. ಸಂಬಳದ ಕೆಲಸಕ್ಕೆ ಝಡ್ ವೀಸಾನೇ ಆಗಬೇಕು. ಒಳಗೆ ಬಂದ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು.

ಬಂದ 24 ಗಂಟೆಯೊಳಗೆ ವಾಸದ ನೋಂದಣಿ ಕಡ್ಡಾಯ. ಹೋಟೆಲ್ ಆದರೆ ಅವರೇ ಮಾಡುತ್ತಾರೆ. ಬಾಡಿಗೆ ಮನೆಯಾದರೆ ಪಾಸ್‌ಪೋರ್ಟ್, ಬಾಡಿಗೆ ಕರಾರು, ಮಾಲೀಕರ ಗುರುತಿನ ಚೀಟಿಯ ಪ್ರತಿ ಹಿಡಿದು ಆ ಬಡಾವಣೆಯ ಪೊಲೀಸ್ ಠಾಣೆಗೆ ಹೋಗಬೇಕು. ತಪ್ಪಿದರೆ 2000 ಯುವಾನ್‌ವರೆಗೂ ದಂಡ ಬೀಳಬಹುದು. ಮಾಲೀಕರು ಚೀಟಿ ಕೊಡಲು ಮೀನಮೇಷ ಎಣಿಸಿದರೆ ಮುಂಗಡ ಕೊಡುವ ಮೊದಲೇ ಆ ಮನೆ ಬಿಡಿ.

ಈಗ ನಿಜವಾದ ತಲೆನೋವು: ಹೆಸರು. ನಮ್ಮಲ್ಲಿ ಊರು, ಅಪ್ಪ, ಮನೆತನ ಎಲ್ಲವೂ ಹೆಸರಿನೊಳಗೆ ಬಂದು ಕೂರುತ್ತವೆ; ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ. ಚೀನಾದ ಫಾರ್ಮ್‌ಗಳು ಮನೆತನದ ಹೆಸರನ್ನು ಬೇರೆ ಕೇಳುತ್ತವೆ. ಫೋನ್ ಅಂಗಡಿಯವರು ಹಿಂದುಮುಂದು ಮಾಡುತ್ತಾರೆ, ಬ್ಯಾಂಕಿನವರು ನಡುವಿನ ಜಾಗ ನುಂಗುತ್ತಾರೆ, ಹಳೆಯ ಸಾಫ್ಟ್‌ವೇರ್ ಉದ್ದದ ಹೆಸರಿನ ಬಾಲವನ್ನೇ ಕತ್ತರಿಸುತ್ತದೆ. ಆಮೇಲೆ ಫೋನಿನಲ್ಲೇ ಹಣ ಕೊಡುವ ಅಲಿಪೇ ಆ್ಯಪ್‌ಗೆ ಬ್ಯಾಂಕ್ ಕಾರ್ಡ್ ಸೇರಿಸಲು ಹೋದಾಗ ಮೂರೂ ತಾಳೆಯಾಗುವುದಿಲ್ಲ. ನಾನು ಹೆಸರನ್ನು ಪಾಸ್‌ಪೋರ್ಟ್‌ನ ಕೆಳಗಿನ ಯಂತ್ರ ಓದುವ ಸಾಲಿನಲ್ಲಿರುವ ಕ್ರಮದಲ್ಲೇ, ದೊಡ್ಡಕ್ಷರದಲ್ಲಿ, ಜಾಗ ಎಲ್ಲೆಲ್ಲಿ ಎಂದು ತೋರಿಸಿ ಒಂದು ಕಾರ್ಡಿನ ಮೇಲೆ ಪ್ರಿಂಟ್ ಮಾಡಿಸಿಕೊಂಡೆ. ವರ್ಕ್ ಪರ್ಮಿಟ್ ಅರ್ಜಿಯಿಂದ ಹಿಡಿದು ಕರೆಂಟ್ ಬಿಲ್‌ವರೆಗೂ ಅದೇ ಕಾರ್ಡ್. ಬ್ಯಾಂಕಿನಲ್ಲಿ ಸಹಿ ಹಾಕುವ ಮೊದಲು ಪರದೆಯನ್ನು ತಿರುಗಿಸಿ ತೋರಿಸಲು ಹೇಳಿ, ಅಕ್ಷರ ಅಕ್ಷರ ಓದಿ. ಆಮೇಲೆ ತಿದ್ದಿಸುವುದು ದೊಡ್ಡ ಗೋಳು.

ಕ್ರಮವೂ ತಪ್ಪಬಾರದು: ಮೊದಲು ಸಿಮ್, ಆ ನಂಬರ್ ಕೊಟ್ಟು ಬ್ಯಾಂಕ್ ಖಾತೆ, ಅದರ ಮೇಲೆ ಅಲಿಪೇ, ವಿಚಾಟ್. ಬ್ಯಾಂಕಿನ ಸಣ್ಣ ಶಾಖೆಗೆ ಹೋಗಬೇಡಿ, ಊರಿನ ಮುಖ್ಯ ಶಾಖೆಗೇ ಹೋಗಿ. ಖಾತೆಯಾಗುವವರೆಗೆ ಭಾರತದ ವೀಸಾ ಅಥವಾ ಮಾಸ್ಟರ್‌ಕಾರ್ಡನ್ನು ಅಲಿಪೇಗೆ ಹಾಕಿಕೊಂಡರೆ ನಡೆಯುತ್ತದೆ. 200 ಯುವಾನ್ ಮೀರಿದ ಪಾವತಿಗೆ 3% ಶುಲ್ಕ ಹಿಡಿಯುತ್ತಾರೆ. ಊರಿನ ಸಿಮ್ ಅನ್ನು ರೋಮಿಂಗ್‌ನಲ್ಲಿ ಜೀವಂತ ಇಡಿ, ಇಲ್ಲವಾದರೆ ಅಲ್ಲಿನ ಬ್ಯಾಂಕಿನ ಓಟಿಪಿ ಬರುವುದಿಲ್ಲ. ಇನ್ನು ಪಾಸ್‌ಪೋರ್ಟ್ ನವೀಕರಿಸಿದರೆ ನಂಬರ್ ಬದಲಾಗುತ್ತದೆ: ಪರ್ಮಿಟ್, ಠಾಣೆ, ಬ್ಯಾಂಕ್, ಸಿಮ್, ರೈಲು ಟಿಕೆಟ್ ಕಾಯ್ದಿರಿಸುವ 12306 ಖಾತೆ, ಎಲ್ಲವನ್ನೂ ಮತ್ತೆ ಸರಿಪಡಿಸಬೇಕು. ಅವಧಿ ಕಡಿಮೆ ಉಳಿದಿದ್ದರೆ ಊರಲ್ಲೇ ಹೊಸದು ಮಾಡಿಸಿಕೊಂಡು ಹೊರಡಿ.

ಸಂಬಳ ಮನೆಗೆ ಕಳಿಸಲು ಕರಾರು, ಸಂಬಳದ ಚೀಟಿ, ತೆರಿಗೆ ಕಟ್ಟಿದ ಪ್ರಮಾಣಪತ್ರ ಬೇಕು. ಇವಿಲ್ಲದೆ ವಿದೇಶಿಗೆ ದಿನಕ್ಕೆ 500 ಡಾಲರ್ ಮಾತ್ರ ಬದಲಾಯಿಸಿ ಕೊಡುತ್ತಾರೆ. ಸಂಬಳದ ಒಂದು ಪಾಲನ್ನು ಲೆಕ್ಕದ ಹೊರಗೆ ಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಿದರೆ ಆ ಪಾಲು ಕಳಿಸಲು ಕಾಗದವೇ ಇರುವುದಿಲ್ಲ.

ಮನೆ ನೋಡುವಾಗ ಎಸಿಯಲ್ಲಿ ಹೀಟಿಂಗ್ ಇದೆಯೇ ನೋಡಿ. ಉತ್ತರ ಚೀನಾದಲ್ಲಿರುವಂತೆ ಊರಿಗೆಲ್ಲ ಬಿಸಿನೀರಿನ ಪೈಪ್ ಇಲ್ಲಿಲ್ಲ, ಜನವರಿಯಲ್ಲಿ ಮನೆಯೊಳಗೂ ಸ್ವೆಟರ್ ಬೇಕು. ಜೂನ್ ಮಳೆಯಲ್ಲಿ ಚಪ್ಪಲಿ, ಬೆಲ್ಟ್‌ಗೆಲ್ಲ ಬೂಷ್ಟು ಹಿಡಿಯುತ್ತದೆ. ಅಡುಗೆಗೆ ಕುಕ್ಕರ್, ಹುಣಸೆ, ಸಾರಿನ ಪುಡಿ ತನ್ನಿ. ಹೆಸರುಕಾಳು, ಕಡಲೆಕಾಯಿ, ತೋಫು ಇಲ್ಲೇ ಧಾರಾಳ, ತೊಗರಿಬೇಳೆಗೆ ಯಿವೂನ ಭಾರತೀಯ ಅಂಗಡಿ. ಸಸ್ಯಾಹಾರಿಗಳು ಕ್ಯಾಂಟೀನ್ ಪಲ್ಯವನ್ನು ನಂಬಬಾರದು: ಹಂದಿ ಕೊಬ್ಬು, ಕೋಳಿಪುಡಿ ಎರಡೂ ಕಣ್ಣಿಗೆ ಕಾಣುವುದಿಲ್ಲ.

ಫ್ಯಾಕ್ಟರಿಯಲ್ಲಿ 3000 ಫ್ಲಾಸ್ಕ್‌ನ ಲಾಟ್ ಅಂದರೆ ಮಾದರಿ ಪರೀಕ್ಷೆಯ ಮಾನದಂಡವಾದ ಐಎಸ್‌ಓ 2859-1ರ ಎರಡನೇ ಸಾಮಾನ್ಯ ಮಟ್ಟದಲ್ಲಿ 125 ಮಾದರಿ, ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಿತಿ) 2.5ಕ್ಕೆ 7 ದೋಷದವರೆಗೆ ಪಾಸ್, 8ಕ್ಕೆ ಫೇಲ್. ಪೆಟ್ಟಿಗೆಗಳನ್ನು ನೀವೇ ಆರಿಸಿ, ಪ್ಯಾಲೆಟ್‌ನ ನಡುವಿನಿಂದ, ಕೆಳಗಿನಿಂದ. ಕೈಗೆ ಸಿಗುವಂತೆ ಮುಂದೆ ಜೋಡಿಸಿಟ್ಟದ್ದನ್ನು ನಾನು ಮುಟ್ಟುವುದಿಲ್ಲ.

ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಹೊರಗೋಡೆ ಸವರಿ. ಬಾಯಿಯ ಹತ್ತಿರ ಬೆಚ್ಚಗಿದ್ದರೆ ಸಹಜ, ಹೊಟ್ಟೆಯ ಭಾಗ ಬಿಸಿಯಾದರೆ ನಿರ್ವಾತ ಹೋಗಿದೆ: ಬೆಸುಗೆಯಲ್ಲಿ ಸೂಜಿರಂಧ್ರ, ಇಲ್ಲವೇ ತಳದ ಗಾಜಿನ ಸೀಲ್ ಸರಿಯಾಗಿ ಕರಗಿಲ್ಲ. ನಿಧಾನವಾಗಿ ಸೋರುವುದು ಅಂದೇ ಗೊತ್ತಾಗುವುದಿಲ್ಲ. ಎರಡು ದಿನ ಬಿಟ್ಟು ಅದೇ ಮಾದರಿಗಳನ್ನು ಮತ್ತೆ ಪರೀಕ್ಷಿಸಿ. 6 ಗಂಟೆ ಶಾಖ ಉಳಿಯುತ್ತದೆಯೇ ಎಂಬ ಪರೀಕ್ಷೆಗೆ ಕೋಣೆ 20 ಡಿಗ್ರಿ ಆಸುಪಾಸಿನಲ್ಲಿರಬೇಕು. ಚಳಿಗಾಲದಲ್ಲಿ ಶೆಡ್ಡಿನಲ್ಲೇ ಮಾಡಿದರೆ ಒಳ್ಳೆಯ ಮಾಲೂ ಫೇಲ್ ಆಗುತ್ತದೆ, ಜಗಳವಾಗುತ್ತದೆ. ಒಳಗೋಡೆ 304 ಸ್ಟೀಲ್ ಎಂದು ಹೇಳಿ ಅಗ್ಗದ ದರ್ಜೆಯ 201 ಹಾಕುವವರಿದ್ದಾರೆ. ಅಯಸ್ಕಾಂತದಿಂದ ಇದು ತೀರ್ಮಾನವಾಗದು, ಒತ್ತಿ ಎಳೆದ 304 ಕೂಡ ಸ್ವಲ್ಪ ಅಂಟುತ್ತದೆ. ಬ್ಯಾಟರಿಯೊಂದಿಗೆ ಬರುವ ಪರೀಕ್ಷಾ ದ್ರವದ ಹನಿ ಕೆಂಪಾದರೆ ಮ್ಯಾಂಗನೀಸ್ ಜಾಸ್ತಿ, ಅಂದರೆ ಅದು 304 ಅಲ್ಲ. ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇಯಿಂದ ಲೋಹದ ಅಂಶ ತೋರಿಸುವ ಕೈ ಉಪಕರಣ) ಸಿಕ್ಕರೆ 304ರಲ್ಲಿ ಇರಬೇಕಾದ 8% ನಿಕ್ಕಲ್ ಇದೆಯೇ ನೋಡಿ.

ಊಟದ ಹೊತ್ತಿಗೆ, ಅಂದರೆ ಹನ್ನೊಂದೂವರೆಯಿಂದ ಒಂದರವರೆಗೆ, ಯಾರನ್ನೂ ಕರೆಯಬೇಡಿ, ಉಂಡು ಮಲಗುತ್ತಾರೆ. ಚೀನೀ ಹೊಸ ವರ್ಷಕ್ಕೆ ಎರಡು ಮೂರು ವಾರ ಇರುವಾಗಲೇ ಕಾರ್ಮಿಕರು ಊರಿಗೆ ಹೊರಡುತ್ತಾರೆ, ಹೊಸ ವರ್ಷದ ಹದಿನೈದನೇ ದಿನದ ಲಾಂದ್ರದ ಹಬ್ಬ ಕಳೆದ ಮೇಲೆ ಲೈನ್ ತುಂಬುತ್ತದೆ, ಅದೂ ಅರ್ಧ ಹೊಸ ಕೈಗಳಿಂದ. ಆ ಎರಡು ಕೊನೆಗಳಲ್ಲಿ ತಯಾರಾದ ಮಾಲಿಗೆ ಮಾದರಿ ಸಂಖ್ಯೆ 125ರಿಂದ 200ಕ್ಕೆ ಏರಿಸುತ್ತೇನೆ, ಬಾಕಿ 70% ಹಣ ಪರೀಕ್ಷೆ ಮುಗಿಯುವವರೆಗೆ ಬಿಡಬೇಡಿ ಎಂದು ಖರೀದಿದಾರರಿಗೆ ಮೊದಲೇ ಬರೆದು ತಿಳಿಸುತ್ತೇನೆ.