ಮೇವಿನ ಚೀಲ ಕಟ್ಟಿದ ಹೇಂಟೆಯನ್ನು ಮನೆಯಲ್ಲೇ ಉಳಿಸಿಕೊಂಡೆ

"ಕೊಯ್ದು ಸಾರು ಮಾಡಿ, ಇನ್ನೆರಡು ದಿನ ಬಿಟ್ರೆ ಅದೂ ಇಲ್ಲ" ಅಂತ ಎಲ್ಲರೂ ಹೇಳಿದ ಗಿರಿರಾಜ ತಳಿಯ ಹೇಂಟೆ ಈಗ ಮತ್ತೆ ಮೊಟ್ಟೆ ಇಡುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೋಳಿ ತಿಂದದ್ದು ಮೊದಲು ಸೇರುವುದು ಕತ್ತಿನ ಬುಡದಲ್ಲಿರುವ ಮೇವಿನ ಚೀಲಕ್ಕೆ. ಅದು ಖಾಲಿಯಾಗದೆ ಗಟ್ಟಿಯಾಗಿ ನಿಂತರೆ ಚೀಲ ಕಟ್ಟಿತು ಅಂತ ಅರ್ಥ. ಸಂಜೆ ಚೀಲ ತುಂಬಿದ್ದರೆ ಚಿಂತೆ ಇಲ್ಲ. ಕೈಯಾಡಿಸಿ ನೋಡಬೇಕಾದದ್ದು ಬೆಳಗ್ಗೆ, ಗೂಡಿನಿಂದ ಬಿಡುವ ಮೊದಲು. ಇದರದ್ದು ರಾತ್ರಿ ಕಳೆದರೂ ಖಾಲಿಯಾಗಿರಲಿಲ್ಲ, ಮುದ್ದೆಯ ಹಾಗೆ ಗಟ್ಟಿ. ಬಾಯಲ್ಲಿ ಹುಳಿ ವಾಸನೆ ಇಲ್ಲ. ಹಸುವಿಗೆ ತಂದ ನೇಪಿಯರ್ ಹುಲ್ಲನ್ನು ಉದ್ದುದ್ದ ಬಿಟ್ಟಿದ್ದರು, ಅದರ ನಾರು ಒಳಗೆ ಸಿಕ್ಕಿಕೊಂಡಿತ್ತು.

ಹಿಂದೆ ಇದೇ ತೊಂದರೆಯಲ್ಲಿ ಒಳ್ಳೆಯ ಕೋಳಿಗಳು ಹೋಗಿವೆ. ಓಮದ ನೀರು ಕುಡಿಸಿದ್ದಾಯ್ತು. ಅಂಗಡಿಯವರು ಕೊಟ್ಟ ಲಿವರ್ ಟಾನಿಕ್‌ಗೆ ಇನ್ನೂರರ ಹತ್ತಿರ, ಆಂಟಿಬಯಾಟಿಕ್ ಪುಡಿಗೆ ಇನ್ನೊಂದು ನೂರೈವತ್ತು. ನಾರಿನ ಗಂಟಿಗೆ ಆಂಟಿಬಯಾಟಿಕ್ ಏನು ಮಾಡೀತು? ಸುಸ್ತಾಗಿದೆ ಅಂತ ಅಕ್ಕಿ, ರಾಗಿ ತಿನ್ನಿಸಿದರೆ ಗಂಟು ಇನ್ನೂ ದೊಡ್ಡದಾಗುತ್ತದೆ. ತಲೆಕೆಳಗೆ ಹಿಡಿದು ಕಕ್ಕಿಸಿ ಅನ್ನುವವರೂ ಇದ್ದಾರೆ. ಹಾಗೆ ಮಾಡಿದ ಪಕ್ಕದ ಮನೆಯವರ ಕೋಳಿ ಕೈಯಲ್ಲೇ ಸತ್ತಿತು. ಒಳಗಿನ ನೀರು ಶ್ವಾಸನಾಳಕ್ಕೆ ನುಗ್ಗುತ್ತದೆ, ಅಷ್ಟೇ ಸಾಕು.

ಈ ಸಲ ಕಾಳು ಪೂರ್ತಿ ನಿಲ್ಲಿಸಿದೆ. ಮನೆಯಲ್ಲಿ ಎಲ್ಲರೂ ಬೈದದ್ದು ಇದಕ್ಕೇ, ಆದರೆ ಕೋಳಿ ಉಳಿದದ್ದೂ ಇದರಿಂದಲೇ. ಕುಡಿಯಲು ನೀರು, ಮಧ್ಯೆ ಮಧ್ಯೆ ಚಿಟಿಕೆ ಉಪ್ಪು ಹಾಕಿದ ತೆಳು ಬೆಲ್ಲದ ನೀರು. ಚೀಲ ನೀರಾಗಿ ಹುಳಿ ನಾರುತ್ತಿದ್ದರೆ ಬೆಲ್ಲ ಬೇಡ, ಅಲ್ಲಿರುವ ಬೂಷ್ಟಿಗೆ ಸಿಹಿ ಕೊಟ್ಟಂತೆ. ಅದಕ್ಕೆ ಡಾಕ್ಟರ್ ಬರೆದ ಔಷಧಿಯೇ ಬೇಕು.

ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ, ಸೂಜಿ ತೆಗೆದ ಸಿರಿಂಜಿನಲ್ಲಿ ಮೂರು-ನಾಲ್ಕು ಎಂಎಲ್, ಬೆಳಗ್ಗೆ ಸಂಜೆ. ನಾಲಿಗೆಯ ಬುಡದಲ್ಲಿ ಕಾಣುವ ತೂತು ಉಸಿರಿನದ್ದು, ಅಲ್ಲಿಗೆ ಒಂದು ಹನಿಯೂ ಹೋಗಬಾರದು. ಕೊಕ್ಕಿನ ಪಕ್ಕದಿಂದ ಸ್ವಲ್ಪ ಸ್ವಲ್ಪ ಬಿಟ್ಟು, ನುಂಗಿದ ಮೇಲೆ ಮುಂದಿನದ್ದು. ಆಮೇಲೆ ಚೀಲವನ್ನು ಹೊರಗಿನಿಂದ ಐದು ನಿಮಿಷ ಉಜ್ಜಬೇಕು, ದಿನಕ್ಕೆ ನಾಲ್ಕೈದು ಸಲ. ಅಂಚಿನಿಂದ ಶುರು ಮಾಡಿ ಗಂಟನ್ನು ಬಿಡಿಸುತ್ತಾ ಹೋಗಿ, ಬಾಯಿಯ ಕಡೆಗೆ ಮಾತ್ರ ತಳ್ಳಬೇಡಿ. ಬೆರಳಿನ ಒಂದು ಪಟ್ಟು ಇದೆ, ಅದರಿಂದ ಅರ್ಧ ಸಮಯ ಉಳಿಯುತ್ತದೆ. ಬರೆದರೆ ತಪ್ಪು ತಿಳಿಯುವ ಅಪಾಯ ಇದೆ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಕೋಳಿಯನ್ನು ಬೇರೆ ಇಟ್ಟೆ. ಕೆಳಗೆ ಹುಲ್ಲೂ ಇಲ್ಲ, ಗೋಣಿಯೂ ಇಲ್ಲ, ಆ ನಾರನ್ನೂ ತಿನ್ನುತ್ತವೆ. ಬರೀ ಪೇಪರ್. ಎರಡನೇ ದಿನ ಸಂಜೆ ಚೀಲ ಮೆತ್ತಗಾಯಿತು, ಮಾರನೇ ಬೆಳಗ್ಗೆ ಹಿಕ್ಕೆಯಲ್ಲಿ ಹಸಿರು ನಾರು ಕಂಡಿತು. ನನಗೆ ಹಬ್ಬ! ಬೇಯಿಸಿದ ಮೊಟ್ಟೆಯನ್ನು ಪುಡಿ ಮಾಡಿ ಚೂರು ಚೂರೇ ಕೊಟ್ಟೆ. ಕಾಳಿಗೆ ವಾರ ಕಾಯಿಸಿದೆ. ಸಿರಿಂಜು, ಎಣ್ಣೆ ಎಲ್ಲಾ ಸೇರಿ ಐವತ್ತು ರೂಪಾಯಿ ದಾಟಲಿಲ್ಲ. ಮೊಟ್ಟೆ ಇಡುವ ಇಂಥ ಹೇಂಟೆಗೆ ನಮ್ಮ ಕಡೆ ಆರೇಳು ನೂರು ಕೇಳುತ್ತಾರೆ.

ಮಧ್ಯೆ ಅನಾನಸ್ ರಸವನ್ನೂ ನೋಡಿದೆ, ನಾರು ಕರಗುತ್ತದೆ ಅಂತ ಯಾರೋ ಹೇಳಿದ್ದರು. ಏನೂ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಪ್ರಯೋಗ ಫಲ ಕೊಟ್ಟಿದೆ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಜರಡಿ ಹಿಡಿದು, ಮೇಲೆ ಉಳಿದ ದಪ್ಪ ಕಲ್ಲಿನ ಚೂರನ್ನು ತೊಳೆದು ಕೋಳಿಗಳು ತಿನ್ನಲೆಂದು ಬಟ್ಟಲಲ್ಲಿ ಇಡುತ್ತೇನೆ. ಮೊಟ್ಟೆಚಿಪ್ಪು ಹಾಕ್ತೀವಲ್ಲ, ಸಾಲದೇ ಅಂತ ಕೇಳುತ್ತಾರೆ. ಚಿಪ್ಪು ಕರಗಿ ಹೋಗುತ್ತದೆ, ಕೋಳಿಯ ಹೊಟ್ಟೆಯೊಳಗೆ ಮೇವು ಅರೆಯಲು ಗಟ್ಟಿ ಕಲ್ಲೇ ಬೇಕು. ಮುಚ್ಚಿದ ಗೂಡಿನಲ್ಲಿ ಸಾಕುವವರು ಇದನ್ನು ಮರೆಯಬೇಡಿ. ಹುಲ್ಲನ್ನು ಈಗ ಒಂದಿಂಚಿಗಿಂತ ಚಿಕ್ಕದಾಗಿ ಕತ್ತರಿಸಿಯೇ ಹಾಕುತ್ತೇವೆ.

ಮೂರು ದಿನವಾದರೂ ಚೀಲ ಸಡಿಲವಾಗದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಸೀಳಿ ತೆಗೆದು ಹೊಲಿಯುವ ಕೆಲಸ ಅವರದ್ದು, ಅಡುಗೆಮನೆಯ ಬ್ಲೇಡಿನದ್ದಲ್ಲ.