ಹೋಗದೆ ಉಳಿದ ಫ್ಯಾಕ್ಸ್‌ಗೆ ದಾರಿ ಮಾಡಿದ್ದು ಹೀಗೆ

1990ರ ದಶಕದ ಕೊನೆಯಲ್ಲಿ ಪೀಣ್ಯದ ಒಂದು ಬಿಡಿಭಾಗಗಳ ಕಂಪನಿಗೆ ವಿಂಡೋಸ್ 98ರಲ್ಲಿ ಓಡುವ ಫ್ಯಾಕ್ಸ್ ತಂತ್ರಾಂಶ ಬರೆದುಕೊಟ್ಟೆ. ವರ್ಡ್‌ನಲ್ಲಿ ಪ್ರಿಂಟ್ ಒತ್ತಿದರೆ ಕಾಗದದ ಬದಲು ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನ) ಮೂಲಕ ಫ್ಯಾಕ್ಸ್ ಹೋಗಬೇಕು, ಅಷ್ಟೇ ಕೆಲಸ. ಕಳಿಸುವುದು ಹೇಗೆ ಎಂಬುದನ್ನು ಟಿ.30 ಎಂಬ ಅಂತರರಾಷ್ಟ್ರೀಯ ನಿಯಮಾವಳಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತದೆ. ಹೋಗದಿದ್ದರೆ ಆ ಪತ್ರವನ್ನು ಎಲ್ಲಿಡಬೇಕು, ಯಾವಾಗ ಮತ್ತೆ ಕಳಿಸಬೇಕು, ಯಾರನ್ನು ಕೇಳಬೇಕು ಎಂಬುದೆಲ್ಲ ಬರೆಯುವವನ ಪಾಲಿಗೆ. ನನ್ನ ಬಹುಪಾಲು ಸಮಯ ಹೋದದ್ದು ಇದಕ್ಕೇ.

ಮೊದಲು ತೀರ್ಮಾನಿಸಿದ್ದು ಕರೆಂಟ್ ವಿಷಯ. ಯಾವ ಕ್ಷಣದಲ್ಲಿ ಕರೆಂಟ್ ಹೋದರೂ ಕ್ಯೂನಲ್ಲಿರುವ ಪತ್ರ ಕಳೆದುಹೋಗಬಾರದು. ಪ್ರಿಂಟ್ ಒತ್ತಿದ ಕೂಡಲೇ ಪುಟಗಳನ್ನು ಟಿಫ್ ಚಿತ್ರಗಳಾಗಿ ಡಿಸ್ಕ್‌ಗೆ ಬರೆದುಬಿಡುತ್ತಿದ್ದೆ. ಆಮೇಲೆ ಯಾರಾದರೂ ಮೂಲ ವರ್ಡ್ ಫೈಲ್ ತಿದ್ದಿದರೂ ಹೋಗಬೇಕಾದದ್ದು ಬದಲಾಗುವುದಿಲ್ಲ. ಪ್ರತಿ ಫ್ಯಾಕ್ಸ್‌ಗೂ ಒಂದು ಚಿಕ್ಕ ಪಠ್ಯ ಫೈಲ್. ಸ್ಥಿತಿ ಬದಲಾದಾಗಲೆಲ್ಲ ಅದರ ಕೊನೆಗೆ ಒಂದು ಸಾಲು ಸೇರಿಸಿ, ಡಿಸ್ಕ್‌ಗೆ ಇಳಿಯಿತೆಂದು ಖಾತ್ರಿ ಮಾಡಿಕೊಂಡೇ ಮುಂದಿನ ಹೆಜ್ಜೆ. ಹಳೆಯ ಸಾಲನ್ನು ಅಳಿಸುವುದೇ ಇಲ್ಲ. ಹಳೆಯ ಫೈಲಿನ ಜಾಗಕ್ಕೆ ಹೊಸದನ್ನು ಒಂದೇ ಏಟಿಗೆ ಕೂರಿಸುವ ಸೌಲಭ್ಯವನ್ನು ವಿಂಡೋಸ್ 98 ಕೊಡುತ್ತಿರಲಿಲ್ಲ, ಅದಕ್ಕೇ ಈ ದಾರಿ. ಕರೆಂಟ್ ಬಂದು, ಸ್ಕ್ಯಾನ್‌ಡಿಸ್ಕ್ ಎಂಬ ಡಿಸ್ಕ್ ತಪಾಸಣೆ ಮುಗಿದ ಮೇಲೆ ತಂತ್ರಾಂಶ ಎದ್ದಾಗ ಪ್ರತಿ ಫೈಲಿನ ಕೊನೆಯ ಪೂರ್ಣ ಸಾಲನ್ನು ಓದುತ್ತದೆ. ಅರ್ಧ ಬರೆದ ಸಾಲನ್ನು ಬಿಟ್ಟುಬಿಡುತ್ತದೆ.

ಇನ್ನು ಸೋಲುಗಳು. 'ಹೋಗಲಿಲ್ಲ' ಅಂತ ಒಂದೇ ಡಬ್ಬಿ ಇಟ್ಟರೆ ಸಾಲದು. ಡಯಲ್ ಟೋನೇ ಇಲ್ಲದಿದ್ದರೆ, ಅಥವಾ ಅದೇ ಮೋಡೆಮ್‌ನಲ್ಲಿ ಯಾರೋ ಇಂಟರ್‌ನೆಟ್ ಹಾಕಿದ್ದರೆ, ಅದು ಆ ಪತ್ರದ ಸೋಲಲ್ಲ, ನಮ್ಮ ಕಡೆಯ ತೊಂದರೆ. ಆಗ ಪತ್ರದ ಲೆಕ್ಕದಲ್ಲಿ ಪ್ರಯತ್ನ ಕಳೆಯದೆ ಇಡೀ ಕ್ಯೂವನ್ನು ನಿಲ್ಲಿಸಿ, ತೆರೆಯ ಮೇಲೆ ಹೇಳುತ್ತಿದ್ದೆ. ಎಂಗೇಜ್ ಬಂದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಪ್ರಯತ್ನ; ಯಾರೂ ಎತ್ತದಿದ್ದರೆ ಅಂತರ ಹೆಚ್ಚು. ಒಂದು ನಂಬರ್ ಎಂಗೇಜ್ ಇದ್ದರೆ ಅದೇ ನಂಬರ್‌ಗೆ ಹೋಗಬೇಕಾದ ಉಳಿದವೂ ಕಾಯುತ್ತವೆ, ಬೇರೆ ನಂಬರ್‌ಗಳದ್ದು ಮುಂದೆ ಹೋಗುತ್ತದೆ. ಒಂದೇ ನಂಬರ್‌ನ ಒಳಗೆ ಮಾತ್ರ ಸರದಿ ತಪ್ಪಬಾರದು. ಬೆಳಿಗ್ಗೆಯ ಕೊಟೇಶನ್‌ಗಿಂತ ಮುಂಚೆ ಮಧ್ಯಾಹ್ನ ತಿದ್ದಿದ ಕೊಟೇಶನ್ ಹೋಗಿ, ಹಳೆಯದು ಆಮೇಲೆ ತಲುಪಿದರೆ ಗಿರಾಕಿ ಯಾವ ದರವನ್ನು ನಂಬಬೇಕು?

ಫ್ಯಾಕ್ಸ್ ಕರೆಗೆ ಮನುಷ್ಯರು ಫೋನ್ ಎತ್ತುವುದು ಆಗ ನಮ್ಮಲ್ಲಿ ದಿನನಿತ್ಯದ ಸಂಗತಿಯಾಗಿತ್ತು. ಎಷ್ಟೋ ಕಚೇರಿಗಳಲ್ಲಿ ಫೋನಿಗೂ ಫ್ಯಾಕ್ಸ್‌ಗೂ ಒಂದೇ ಲೈನ್ ಇರುತ್ತಿತ್ತು. 'ಫ್ಯಾಕ್ಸ್ ಟೋನ್ ಕೊಡಿ ಸಾರ್' ಎಂದು ಕೇಳಿದ ಮೇಲೆ ಅವರು ಗುಂಡಿ ಒತ್ತುತ್ತಿದ್ದರು. ತಾನಾಗಿ ಎತ್ತುವ ಯಂತ್ರವಾದರೆ 2100 ಹರ್ಟ್ಸ್‌ನ ಸದ್ದು ಬರುತ್ತದೆ. ಅದೂ ಬರದೆ, ಹಿಂದೆಯೇ ಬರಬೇಕಾದ ಯಂತ್ರದ ಉತ್ತರವೂ ಬರದಿದ್ದರೆ ಆ ಕಡೆ ಮನುಷ್ಯರಿದ್ದಾರೆ ಎಂದೇ ಎಣಿಸಬೇಕು. ಅಂಥ ನಂಬರ್‌ಗೆ ತಂತ್ರಾಂಶ ತಾನಾಗಿ ಮತ್ತೆ ಡಯಲ್ ಮಾಡಕೂಡದು ಎಂದು ಕಟ್ಟುನಿಟ್ಟಾಗಿ ಇಟ್ಟಿದ್ದೆ. ಎಸ್‌ಟಿಡಿ, ಅಂದರೆ ಬೇರೆ ಊರಿನ ಕರೆ, ಅಗ್ಗವಾಗುತ್ತಿದ್ದ ರಾತ್ರಿ ಹೊತ್ತಿಗೆಂದು ಎಷ್ಟೋ ಫ್ಯಾಕ್ಸ್ ತೆಗೆದಿಡುತ್ತಿದ್ದರು. ನಂಬರಿನ ಒಂದು ಅಂಕಿ ತಪ್ಪಿದ್ದರೆ ಯಾರದೋ ಮನೆಯಲ್ಲಿ ಮಲಗಿದವರನ್ನು ಮತ್ತೆ ಮತ್ತೆ ಎಬ್ಬಿಸಿದಂತಾಗುತ್ತದೆ. ಆ ಪತ್ರ 'ಮಾತಾಡಿ ಕಳಿಸಿ' ಎಂಬ ಪಟ್ಟಿಗೆ ಹೋಗುತ್ತಿತ್ತು. ಬೆಳಿಗ್ಗೆ ಡಿಸ್ಪ್ಯಾಚ್‌ನವರು ಮೋಡೆಮ್‌ಗೆ ಜೋಡಿಸಿದ ಫೋನಿನಿಂದ ತಾವೇ ಮಾತಾಡಿ, ಟೋನ್ ಕೇಳಿಸಿದಾಗ ಗುಂಡಿ ಒತ್ತಿದರೆ ಮೋಡೆಮ್ ಡಯಲ್ ಮಾಡದೆ ಲೈನ್ ಹಿಡಿದುಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ಕೊನೆಯ ಪುಟದ ಬಗ್ಗೆ. ಫ್ಯಾಕ್ಸ್‌ನಲ್ಲಿ ಪ್ರತಿ ಪುಟದ ನಂತರ ಇನ್ನೂ ಪುಟವಿದೆ ಅಥವಾ ಮುಗಿಯಿತು ಎಂದು ನಾವು ಹೇಳುತ್ತೇವೆ, ಪುಟ ಸರಿಯಾಗಿ ಬಂದಿದ್ದರೆ ಆ ಕಡೆಯ ಯಂತ್ರ ಎಂಸಿಎಫ್ ಎಂಬ ಒಪ್ಪಿಗೆ ಕಳಿಸುತ್ತದೆ. ಸುಮಾರು 3 ಸೆಕೆಂಡಿನಲ್ಲಿ ಬರದಿದ್ದರೆ ಮತ್ತೆ ಕೇಳಬೇಕು. ಒಟ್ಟು 3 ಸಲ ಕೇಳಿದರೂ ಬರದಿದ್ದರೆ ಲೈನ್ ಬಿಡಬೇಕು. ನಡುವಿನ ಪುಟದಲ್ಲಿ ಕಡಿದುಹೋದರೆ ಸುಲಭ: ಒಪ್ಪಿಗೆ ಬಂದ ಪುಟಗಳನ್ನು ಗುರುತು ಹಾಕಿಕೊಂಡಿರುತ್ತೇವೆ, ಮುಂದಿನ ಕರೆಯಲ್ಲಿ 'ಪುಟ 4ರಿಂದ ಮುಂದುವರಿದಿದೆ' ಎಂಬ ಮುಖಪುಟದೊಂದಿಗೆ ಉಳಿದದ್ದನ್ನು ಕಳಿಸಬಹುದು. ಒಂದು ಪುಟ ಎರಡು ಸಲ ಬಂದರೂ ಓದುವವರಿಗೆ ಅರ್ಥವಾಗುತ್ತದೆ. ಕೊನೆಯ ಪುಟ ಹೋಗಿ ಒಪ್ಪಿಗೆ ಮಾತ್ರ ಬರದಿದ್ದಾಗ ಕಥೆಯೇ ಬೇರೆ. ಪತ್ರ ಆ ಕಡೆ ಪೂರ್ತಿ ಮುದ್ರಣವಾಗಿರಬಹುದು, ಆಗದೆಯೂ ಇರಬಹುದು. ಈ ಕಡೆಯಿಂದ ತಿಳಿಯುವ ಉಪಾಯವೇ ಇಲ್ಲ.

ಇಂಥದ್ದನ್ನು ಸೋಲು ಎಂದು ಎಣಿಸಿ ತಾನಾಗಿ ಮತ್ತೆ ಕಳಿಸಿದರೆ 500 ಬೇರಿಂಗ್‌ನ ಒಂದು ಆರ್ಡರ್ ಎರಡು ಆರ್ಡರ್ ಆಗಿಬಿಡುತ್ತದೆ. ಹೋಯಿತು ಎಂದು ಗುರುತು ಹಾಕಿದರೆ ಹೋಗದ ಆರ್ಡರ್‌ಗಾಗಿ ವಾರಗಟ್ಟಲೆ ಕಾಯಬೇಕಾಗುತ್ತದೆ. ಹಾಗಾಗಿ ಇದಕ್ಕೆ ಬೇರೆಯದೇ ಸ್ಥಿತಿ ಕೊಟ್ಟೆ: 'ತಲುಪಿರಬಹುದು, ಕೇಳಿ ನೋಡಿ'. ಕರೆಂಟ್ ಹೋದಾಗ ಕೊನೆಯ ಪುಟ ಓಡುತ್ತಿದ್ದ ಫ್ಯಾಕ್ಸ್‌ಗಳೂ ಎದ್ದ ಮೇಲೆ ಇದೇ ಪಟ್ಟಿಗೆ. ಕಂಪನಿಯ ಮ್ಯಾನೇಜರ್‌ಗೆ ಇದು ಹಿಡಿಸಲಿಲ್ಲ. "ಹೋಯ್ತು ಅನ್ನಿ, ಇಲ್ಲ ಅನ್ನಿ, ಮಧ್ಯದ್ದೇನ್ರೀ?" ಎಂದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತಂತ್ರಾಂಶದಿಂದ ಹೇಳಿಸಲು ನಾನು ಒಪ್ಪಲಿಲ್ಲ. ಡಿಸ್ಪ್ಯಾಚ್‌ನ ಮೇಡಂ ನನ್ನ ಪರ ನಿಂತರು, ಫೋನ್ ಮಾಡಿ ವಿಚಾರಿಸುವವರು ಅವರೇ ಆಗಿದ್ದರಲ್ಲ.

ಪುಟದ ನೆತ್ತಿಯ ದಿನಾಂಕ, ಸಮಯದ ಸಾಲನ್ನು ಕ್ಯೂಗೆ ಹಾಕುವಾಗ ಅಚ್ಚು ಮಾಡಬಾರದು. ಲೈನ್ ಸಿಕ್ಕ ಮೇಲೆ ಆ ಹೊತ್ತಿನ ಸಮಯವನ್ನೇ ಹಾಕಬೇಕು. ಸಂಜೆ ಇಟ್ಟದ್ದು ನಡುರಾತ್ರಿ ಹೋದರೆ ಸಂಜೆಯ ಸಮಯ ಸುಳ್ಳಾಗುತ್ತದೆ. ರದ್ದು ಮಾಡಿದ ಫ್ಯಾಕ್ಸ್‌ನ ದಾಖಲೆಯನ್ನೂ ಅಳಿಸುತ್ತಿರಲಿಲ್ಲ, ಅದರ ಫೈಲಿಗೆ 'ರದ್ದು' ಎಂಬ ಸಾಲು ಸೇರುತ್ತಿತ್ತು, ರದ್ದಾಗುವ ಮುನ್ನ ಎಷ್ಟು ಪುಟಕ್ಕೆ ಒಪ್ಪಿಗೆ ಬಂದಿತ್ತು ಎಂಬ ಲೆಕ್ಕದೊಂದಿಗೆ.